ಚೀನಿ ಬಲ್ಲ ಎಮ್ಮೆಕರು

ವರ್ಗಾವಣೆಯ ಅರ್ಜಿಯಲ್ಲಿ ‘ಬಲ್ಲ ಭಾಷೆಗಳು’ ಎಂಬ ಜಾಗದಲ್ಲಿ ಆರು ಗೆರೆ ಎಳೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನ ಕೈಗೆ ಹುಳ ಬೀಳಲಿ ಎಂದು ಜಾಲಹಳ್ಳಿಯ ಹಂಪಯ್ಯ ಮಾಸ್ತರ ಇವತ್ತಿಗೂ ಶಪಿಸುತ್ತಾನೆ. ನಾಲ್ಕು ಗೆರೆ ಇದ್ದಿದ್ದರೆ ಅವನ ಬಾಳು ಬೇರೆಯೇ ಆಗುತ್ತಿತ್ತು. ಕನ್ನಡ, ಉರ್ದು, ತೆಲುಗು, ಹಿಂದಿ ಈ ನಾಲ್ಕು ಆ ಸೀಮೆಯಲ್ಲಿ ಆಡಿನ ಮರಿಗೂ ಅಷ್ಟಿಷ್ಟು ತಿಳಿಯುತ್ತವೆ. ಐದನೆಯ ಗೆರೆಯ ಮೇಲೆ ‘ಇಂಗ್ಲಿಷ್’ ಎಂದು ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದ. ಆರನೆಯದು ಖಾಲಿ ಉಳಿಯಿತು.

“ಖಾಲಿ ಬಿಡಂಗಿಲ್ರಿ ಮಾಸ್ತರ,” ಅಂದ ದೇವದುರ್ಗದ ಶಿಕ್ಷಣ ಕಚೇರಿಯ ಗುಮಾಸ್ತ ಗಡಿಗೆಪ್ಪ.

“ನನಗ ಇಷ್ಟ ಬರೋದು. ಮತ್ತೇನು ಹಾಕ್ಲಿ?”

“ಒಂದು ಕಾಲಂ ಖಾಲಿ ಇದ್ದ ಅರ್ಜಿ ಮುಂದ ಹೋಗಿದ್ದು ನನ್ನ ಸರ್ವೀಸಿನಾಗ ನೋಡಿಲ್ಲ. ಮರಾಠಿ, ತಮಿಳು ಮಾತ್ರ ಹಾಕಬ್ಯಾಡ್ರಿ, ಬಲ್ಲವರು ಯಾರಾದ್ರೂ ಸಿಕ್ಕು ಮಾತಾಡಿಸಿಬಿಟ್ಟಾರು. ಯಾರಿಗೂ ಬರಲಾರದಂಥಾದ್ದು ಒಂದು ಹಾಕ್ರಿ. ಪರೀಕ್ಷಾ ಮಾಡೋರು ಯಾರದಾರ?”

ಹಂಪಯ್ಯ ಒಂದು ಗಳಿಗೆ ಸೂರು ನೋಡಿ ‘ಚೀನಿ’ ಎಂದು ಬರೆದ. ಗಡಿಗೆಪ್ಪ ಪಕ್ಕದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಮೊಹರು ಒತ್ತಿ ದೊಡ್ಡದಾಗಿ ಸಹಿ ಜಡಿದ.

ಇಷ್ಟೆಲ್ಲ ಯಾಕೆಂದರೆ ಹಂಪಯ್ಯನಿಗೆ ರಾಯಚೂರು ಬೇಕಿತ್ತು. ಹೆಂಡತಿ ಶರಣಮ್ಮ ರಾಯಚೂರಿನ ಆಸ್ಪತ್ರೆಯಲ್ಲಿ ನರ್ಸು. ಇವನು ಜಾಲಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ತನ್ನ ರೊಟ್ಟಿ ತಾನೇ ಬಡಿದುಕೊಳ್ಳುತ್ತಿದ್ದ. ಅವು ಯಾವ ಕಡೆಯಿಂದ ನೋಡಿದರೂ ಜಿಲ್ಲೆಯ ನಕಾಶೆಯ ಹಾಗೆ ಇರುತ್ತಿದ್ದವು. ಶನಿವಾರ ಬಸ್ಸು ಹತ್ತಿ ಹೋಗುವುದು, ಭಾನುವಾರ ಒಂದು ದಿನ ಸಂಸಾರ ಮಾಡುವುದು, ಸಂಜೆ ಮತ್ತೆ ಬಸ್ಸು ಹತ್ತುವುದು. ಒಂದೂವರೆ ವರ್ಷದ ಮಗಳು ಶನಿವಾರ ಅವನನ್ನು ಕಂಡರೆ ‘ಮಾಮಾ’ ಅನ್ನುತ್ತಿದ್ದಳು. ಭಾನುವಾರವೆಲ್ಲ ಹೆಗಲ ಮೇಲೆ ಹೊತ್ತು ತಿರುಗಿದರೆ ಸಂಜೆಯ ಹೊತ್ತಿಗೆ ‘ಅಪ್ಪಾ’ ಅನ್ನುವುದಕ್ಕೆ ಬರುತ್ತಿದ್ದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು.

ಅರ್ಜಿ ಹೋಗಿ ಆರು ತಿಂಗಳು ಸದ್ದಿಲ್ಲ. ಎಪ್ಪತ್ತೊಂಬತ್ತನೆಯ ಇಸವಿಯ ಒಂದು ಶನಿವಾರ ಮುಂಜಾನೆ ಮೊದಲನೆಯ ಬಸ್ಸಿಗೆ ಗಡಿಗೆಪ್ಪ ಜಾಲಹಳ್ಳಿಯಲ್ಲಿ ಇಳಿದ. ಊಟದ ಕರೆ ಇಲ್ಲದೆ ಅವನು ಯಾವ ಊರಿಗೂ ಕಾಲಿಟ್ಟವನಲ್ಲ. ಮುಖ ನೋಡಿದರೆ ಮೂರು ದಿನ ಉಪವಾಸ ಇದ್ದವನಂತೆ ಕಾಣುತ್ತಿದ್ದ.

“ಮಾಸ್ತರ, ಕೆಟ್ವಿ!” ಅಂದು ಒಂದು ಹುಕುಮಿನ ಕಾಗದವನ್ನೂ ಒಂದು ಪುಸ್ತಕವನ್ನೂ ಮುಂದೆ ಚಾಚಿದ.

ಆ ವರ್ಷ ಜಗತ್ತೆಲ್ಲ ಮಕ್ಕಳ ವರ್ಷ ಆಚರಿಸುತ್ತಿತ್ತು. ಮಕ್ಕಳಿಗೆ ಅದರಿಂದ ಏನಾಯಿತೋ, ಅಧಿಕಾರಿಗಳಿಗಂತೂ ಬಿಡುವಿಲ್ಲದ ಹಾಗಾಗಿತ್ತು. ರಾಯಚೂರಿನ ಶಿಕ್ಷಣದ ಸಾಹೇಬರು ವಿರೂಪಣ್ಣನವರು ಮಕ್ಕಳಿಗಾಗಿ ಸ್ವತಃ ಒಂದು ಚಿತ್ರಪುಸ್ತಕ ಬರೆದಿದ್ದರು. ಕೆರೆಗೆ ಇಳಿಯಲು ಹೆದರುವ ಒಂದು ಎಮ್ಮೆಕರು, ಹನ್ನೆರಡು ಪುಟ, ಕೊನೆಗೆ ಅದು ಕೆರೆಗೆ ಇಳಿಯುತ್ತದೆ. ಯಾವುದೋ ದೇಶದಲ್ಲಿ ನಡೆಯುವ ಮಕ್ಕಳ ಪುಸ್ತಕದ ಪ್ರದರ್ಶನಕ್ಕೆ ಇದನ್ನು ಕಳಿಸಬೇಕೆಂದು ಸಾಹೇಬರಿಗೆ ಆಸೆ ಹುಟ್ಟಿತು. ಉರ್ದು ಆಯಿತು, ತೆಲುಗು ಆಯಿತು. ಇನ್ನೂ ಒಂದು ಭಾರಿ ಭಾಷೆ ಬೇಕೆಂದು ಕಡತ ಕೆದಕಿದರೆ ಚೀನಿ ಬಲ್ಲ ಮಾಸ್ತರ ಸಿಕ್ಕಿಬಿಟ್ಟ. ಅಂಥಾ ರತ್ನ ತಮ್ಮ ಕೈಕೆಳಗೇ ಇದ್ದದ್ದು ಸಾಹೇಬರಿಗೆ ಅವತ್ತೇ ಗೊತ್ತಾದದ್ದು.

ಚಿತ್ರಗಳ ಕೆಳಗೆ ಜಾಗ ಖಾಲಿ ಬಿಟ್ಟ ಒಂದು ಪ್ರತಿಯನ್ನು ಹುಕುಮಿನ ಜೊತೆ ಕಳಿಸಿದ್ದರು. ಚೀನಿಯಲ್ಲಿ ತುಂಬಿ ತರಲು ಇಪ್ಪತ್ತು ದಿನ ಕಾಲಾವಕಾಶ. ಆ ಕಾಗದಕ್ಕೆ ರಾಯಚೂರಿನಿಂದ ದೇವದುರ್ಗಕ್ಕೆ ಬರಲು ಹತ್ತೊಂಬತ್ತು ದಿನ ಹಿಡಿದಿತ್ತು. ನಡೆದುಕೊಂಡು ಬಂದಿದ್ದರೂ ಎರಡು ದಿನಕ್ಕೆ ಮುಟ್ಟುತ್ತಿತ್ತು. ಇವತ್ತು ಸಂಜೆ ನಾಲ್ಕು ಗಂಟೆಗೆ ಸಾಹೇಬರ ಮುಂದೆ ಪುಸ್ತಕ ಇರಬೇಕು.

“ನಾ ಹೋಗಿ ಖರೇ ಹೇಳಿಬಿಡ್ತೀನಿ ಗಡಿಗೆಪ್ಪ. ನನಗ ಚೀನಿ ಬರಂಗಿಲ್ಲ, ತಪ್ಪಾತು ಅಂತೀನಿ.”

“ಹೇಳ್ರಿ. ಸುಳ್ಳು ಬರದವರು ನೀವು, ಪರಿಶೀಲಿಸಿದವನು ನಾ. ಇಬ್ರೂ ಕೂಡಿ ಮನಿಗೆ ಹೋಗೂಣು. ನನಗ ಮೂರು ಹೆಣ್ಣುಮಕ್ಕಳದಾರ ಅನ್ನೂದು ನೆನಪಿರ್ಲಿ. ಅದಿರ್ಲಿ, ಹುಕುಮಿನ ಕಡೀ ಸಾಲು ಓದಿದ್ರೇನು?”

ಹಂಪಯ್ಯ ಓದಿದ. ರಾಯಚೂರು ನಗರದ ಶಾಲೆಯೊಂದರಲ್ಲಿ ಒಂದು ಜಾಗ ಖಾಲಿ ಇದೆ. ಈ ಕೆಲಸದಲ್ಲಿ ಯೋಗ್ಯತೆ ತೋರಿಸಿದವರ ವರ್ಗಾವಣೆ ಅರ್ಜಿಯನ್ನು ಅಂದೇ ಪರಿಗಣಿಸಲಾಗುವುದು. ಇನ್ನೊಮ್ಮೆ ಓದಿದ. ಮಗಳು ಸೋಮವಾರವೂ ಅಪ್ಪಾ ಅನ್ನುವುದು ಕಿವಿಗೆ ಕೇಳಿದಂತಾಯಿತು. ಶಾಲೆಯ ಬೀಗದ ಕೈಯನ್ನು ಇನ್ನೊಬ್ಬ ಮಾಸ್ತರನ ಕೈಗೆ ಹಾಕಿ ಬಸ್ಸಿಗೆ ಓಡಿದ.

ಬಸ್ಸಿನಲ್ಲಾದರೂ ಬಾಯಿ ಮುಚ್ಚಿಕೊಂಡು ಕುಳಿತರೆ ಅವನು ಗಡಿಗೆಪ್ಪನೇ ಅಲ್ಲ. ದೇವದುರ್ಗ ದಾಟುವುದರೊಳಗೆ ಕಂಡಕ್ಟರನಿಗೂ ಗೊತ್ತಾಗಿತ್ತು, ಕಿಟಕಿಯ ಬಳಿ ಕುಳಿತವರು ಚೀನಿ ಪಂಡಿತರು, ಸಾಹೇಬರು ತಾವಾಗಿ ಕರೆಸಿದ್ದಾರೆ ಅಂತ. ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದಂತೆ ಹೇಳಬೇಕು ಎಂಬುದು ಅವನ ಮತ. ಹಿಂದಿನ ಸೀಟಿನ ಅಕ್ಕಿ ಗಿರಣಿಯ ಧಣಿಯೊಬ್ಬರು ಮುಂದೆ ಬಾಗಿ ಭಾರಿ ಭಕ್ತಿಯಿಂದ ಕೇಳಿದರು:

“ಅಲ್ರೀ ಪಂಡಿತರ, ಚೀನಾದಾಗನೂ ಅಕ್ಕ್ಯಾಗ ಕಲ್ಲು ಬೆರಸ್ತಾರೇನ್ರಿ?”

“ನನಗ ಗೊತ್ತಿಲ್ರಿ.”

“ನೋಡ್ರಿ, ದೊಡ್ಡವರು ತಮಗ ಗೊತ್ತದ ಅಂತ ಹೇಳಂಗಿಲ್ಲ,” ಅಂದರು ಧಣಿ ಬಸ್ಸಿಗೆಲ್ಲ ಕೇಳುವಂತೆ.

ಹಂಪಯ್ಯ ಕಣ್ಣು ಮುಚ್ಚಿಕೊಂಡ. ಅದನ್ನು ಜನ ಧ್ಯಾನ ಎಂದುಕೊಂಡು ಸುಮ್ಮನಾದರು. ಗಡಿಗೆಪ್ಪ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: “ಅಂಜಬ್ಯಾಡ್ರಿ. ರಾಯಚೂರಾಗ ಚೀನಿ ಹಲ್ಲಿನ ಡಾಕ್ಟರ್ ಅದಾನಲ್ಲ, ಅವನ ಕೈಲೆ ಬರಸೂಣು. ಹನ್ನೆರಡು ಪುಟ, ಅವನಿಗೇನು ಮಹಾ?”

ಹಂಪಯ್ಯನಿಗೆ ಹೋದ ಜೀವ ಬಂತು. ಲಿಯಾಂಗ್ ಸಾಬರ ದವಾಖಾನೆ ರಾಯಚೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಬಾಗಿಲ ಮೇಲೆ ಹತ್ತಡಿ ಉದ್ದದ ಬೋರ್ಡು, ಅದರ ಮೇಲೆ ಕೆಂಪು ಬಣ್ಣದಲ್ಲಿ ಏಳು ಚೀನಿ ಅಕ್ಷರ, ಕೆಳಗೆ ಕನ್ನಡದಲ್ಲೂ ಉರ್ದುವಿನಲ್ಲೂ ‘ಅಸಲಿ ಚೀನಿ ದಂತವೈದ್ಯರು, ನೋವಿಲ್ಲದೆ ಹಲ್ಲು ಕೀಳಲಾಗುವುದು’. ಅದರ ಕೆಳಗೆ ನೋಯುತ್ತಿರುವ ಜನ ಸಾಲಾಗಿ ಕುಳಿತಿರುತ್ತಿದ್ದರು.

ಅವರು ಹೋದಾಗಲೂ ಸಾಲು ಇತ್ತು. ಮುಂದೆ ಕುಳಿತವಳು ಜಂಬಮ್ಮ ಎಂಬ ಹೆಂಗಸು. ಒಂದು ಕಡೆಯ ಗಲ್ಲ ಬಾತು ಕುಂಬಳಕಾಯಿ ಆಗಿದ್ದರೂ ಇನ್ನೊಂದು ಕಡೆಯಿಂದ ಊರಿನ ಉಸಾಬರಿಯೆಲ್ಲ ಮಾತಾಡುತ್ತಿದ್ದಳು. ಸಾಲು ಮುಗಿಯುವುದಕ್ಕೆ ನಾಲ್ಕು ಗಂಟೆ ಆಗುವ ಹಾಗಿತ್ತು. ಗಡಿಗೆಪ್ಪ ಮುಂದೆ ನುಗ್ಗಿದ.

“ಯವ್ವಾ, ಸ್ವಲ್ಪ ದಾರಿ ಬಿಡ್ರಿ. ನಮ್ಮ ಮಾಸ್ತರ ಹಲ್ಲುನೋವಿಗೆ ಬಸ್ಸಿನಾಗ ಎರಡು ಸರ್ತಿ ಎಚ್ಚರ ತಪ್ಪ್ಯಾರ!”

ಜನ ಕರಗಿ ದಾರಿ ಬಿಟ್ಟರು. ಜಂಬಮ್ಮ ತಾನೇ ಎದ್ದು ಹಂಪಯ್ಯನ ಬೆನ್ನು ಸವರಿ ಕುರ್ಚಿಯವರೆಗೆ ತಂದು ಕೂರಿಸಿದಳು. ಹಂಪಯ್ಯ ಅಂಗಿಯೊಳಗಿನಿಂದ ಪುಸ್ತಕ ತೆಗೆದು, ತಗ್ಗಿದ ದನಿಯಲ್ಲಿ ಇದ್ದ ಕತೆಯನ್ನೆಲ್ಲ ಲಿಯಾಂಗ್ ಸಾಬರಿಗೆ ಹೇಳಿದ. ಸಾಬರ ಮುಖ ಬಿಳಚಿಕೊಂಡಿತು. ಚಟ್ಟನೆ ಹಂಪಯ್ಯನ ಬಾಯಿ ಅಗಲಿಸಿ ಕನ್ನಡಿ ತೂರಿಸಿ, ಹಲ್ಲು ನೋಡುವ ನೆಪದಲ್ಲಿ ಕಿವಿಗೆ ಬಾಯಿಟ್ಟರು.

“ಆಹಿಸ್ತಾ ಮಾಸ್ಟರ್ ಸಾಬ್, ಮೆಲ್ಲಕ! ಚೀನಾದಿಂದ ಬಂದಿದ್ದು ನಮ್ಮ ದಾದಾ, ಅಂದ್ರ ಅಜ್ಜ. ಅಪ್ಪ ಹುಟ್ಟಿದ್ದು ಸಿಕಂದರಾಬಾದ್, ನಾ ಹುಟ್ಟಿದ್ದು ಇಲ್ಲೇ ರಾಯಚೂರ. ನನಗ ಬರೋದು ಎರಡ ಅಕ್ಷರ. ದಾದಾ ಸಾಯೋಕಿಂತ ಮುಂಚೆ ಅಷ್ಟ ಕಲಿಸಿದ್ದ. ಒಂದು ನೀರು, ಇನ್ನೊಂದು ಬಾಯಿ. ಆ ಬೋರ್ಡಿನ ಮ್ಯಾಲೆ ಏನದ ಅಂತ ನನಗ ಗೊತ್ತಿಲ್ಲ. ಹೊರಗ ಯಾರಿಗೂ ಹೇಳಬ್ಯಾಡ್ರಿ, ನನ್ನ ರೊಟ್ಟಿ ಆ ಬೋರ್ಡಿನ ಮ್ಯಾಲೆ ಅದ.”

ಹಂಪಯ್ಯ ಕನ್ನಡಿ ಸಮೇತ ಬಾಯಿ ಮುಚ್ಚಿಕೊಂಡು ಎದ್ದು ನಿಂತ. ಎದ್ದದ್ದೇ ತಪ್ಪಾಯಿತು.

“ಯಾಕ ಎದ್ದಿ ಮಾಸ್ತರ?” ಅಂದಳು ಜಂಬಮ್ಮ. “ಹಲ್ಲು ಎಲ್ಲಿ?”

“ನೋವು… ಕಡಿಮಿ ಆತವ್ವಾ.”

“ಕಡಿಮಿ ಆತಾ? ಮುಂಜಾನಿಂದ ಬಾಯಿ ಹಿಡಕೊಂಡು ಕುಂತೀವಿ ನಾವು. ಸುಳ್ಳು ಹೇಳಿ ಪಾಳಿ ಮುರುದು ಬಂದಾನ ಇವಾ! ಬಿಡಬ್ಯಾಡ್ರಿ ಡಾಕ್ಟರ್ ಸಾಬ್!”

ಹಿಂದಿದ್ದವರೂ ಎದ್ದರು. ಒಬ್ಬ ಬಾಗಿಲಿಗೆ ಅಡ್ಡ ನಿಂತ. ಗಡಿಗೆಪ್ಪ ಯಾವ ಮಾಯದಲ್ಲೋ ಬೀದಿಯ ಆಚೆ ದಡ ಸೇರಿದ್ದ. ಲಿಯಾಂಗ್ ಸಾಬರು ಹಂಪಯ್ಯನನ್ನು ಮತ್ತೆ ಕುರ್ಚಿಗೆ ಒತ್ತಿದರು. “ಮಾಫ್ ಕರೋ ಮಾಸ್ಟರ್ ಸಾಬ್. ಒಂದು ಹಲ್ಲಿಗೆ ಇಷ್ಟು ಜನ ಸಮಾಧಾನ ಆಗ್ತಾರ,” ಅಂದು ಇಕ್ಕಳ ಎತ್ತಿಕೊಂಡರು. ಬಂಡೆಯಂಥ ದವಡೆ ಹಲ್ಲು. ಅದನ್ನು ಹೊರಗೆ ತರುವಷ್ಟರಲ್ಲಿ ಸಾಬರೂ ಬೆವರಿ ನೀರಾದರು. ನೋವಿಲ್ಲದೆ ಕೀಳಲಾಗುವುದು ಎಂಬ ಮಾತು ಯಾರ ನೋವಿನ ವಿಷಯ ಎಂಬುದು ಹಂಪಯ್ಯನಿಗೆ ಆವಾಗ ತಿಳಿಯಿತು.

ಸಾಬರು ಕೆಟ್ಟವರಲ್ಲ. ಬಾಯಿಗೆ ಹತ್ತಿ ತುರುಕಿ, ಹಿಂದಿನ ಬಾಗಿಲಿನಿಂದ ಅವನನ್ನು ಪಕ್ಕದ ಅಂಗಡಿಗೆ ತಾವೇ ಕರೆದುಕೊಂಡು ಹೋದರು. ಅದು ಬೋರ್ಡು ಬರೆಯುವ ಪೇಂಟರ್ ಕುತುಬುದ್ದೀನನ ಅಂಗಡಿ. ದವಾಖಾನೆಯ ಬೋರ್ಡು ಮಳೆಗೆ ಬಣ್ಣ ಬಿಟ್ಟಾಗಲೆಲ್ಲ ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ ತಿದ್ದುವವನು ಅವನೇ. ಹಾಗೆ ನೋಡಿದರೆ ಜಿಲ್ಲೆಯಲ್ಲಿ ಚೀನಿ ಬರೆಯಬಲ್ಲವನು ಅವನೊಬ್ಬನೇ.

“ಅರ್ಥ ನಕ್ಕೋ ಪೂಛೋ,” ಅಂದ ಕುತುಬುದ್ದೀನ್ ಪುಸ್ತಕ ಬಿಡಿಸಿ. “ಅರ್ಥ ಕೇಳಬ್ಯಾಡ್ರಿ, ಅಳತಿ ಹೇಳ್ರಿ. ಒಂದು ಪೇಜಿಗೆ ಎಷ್ಟು ಇಂಚು?”

ಗೆರೆ ಎಳೆದ, ಸಣ್ಣ ಕುಂಚ ನೆನೆಸಿದ, ಕೂತ. ಬೋರ್ಡಿನ ಏಳು ಅಕ್ಷರಗಳನ್ನು ಒಂದು ಪುಟದಲ್ಲಿ ಎಡದಿಂದ ಇಟ್ಟ, ಇನ್ನೊಂದರಲ್ಲಿ ಬಲದಿಂದ. ಒಂದರಲ್ಲಿ ಮೂರು, ಒಂದರಲ್ಲಿ ಐದು. ಚಹದ ಹಳೆಯ ತಗಡಿನ ಡಬ್ಬಿಯ ಮೇಲಿದ್ದ ನಾಲ್ಕು ಅಕ್ಷರಗಳನ್ನೂ ಬಿಡಲಿಲ್ಲ. ಕೆಲಸ ಮಾತ್ರ ಕಣ್ಣಿಗೆ ಹಬ್ಬ. ಲಿಯಾಂಗ್ ಸಾಬರಿಗೂ ಉಮೇದು ಬಂತು. ಎಮ್ಮೆಕರು ಕೆರೆಯ ಮುಂದೆ ನಿಂತ ನಾಲ್ಕನೆಯ ಪುಟದಲ್ಲಿ ತಮ್ಮ ಕೈಯಾರೆ ‘ನೀರು’ ಎಂಬ ಒಂದಕ್ಷರ ಬರೆದರು. ಕರು ಬಾಯಿ ತೆರೆದು ಒದರುವ ಒಂಬತ್ತನೆಯ ಪುಟದಲ್ಲಿ ‘ಬಾಯಿ’ ಎಂಬ ಒಂದಕ್ಷರ. ಬರೆದು ಕಣ್ಣೊರೆಸಿಕೊಂಡರು. ಅಜ್ಜ ಹೋದ ಮೇಲೆ ಆ ಅಕ್ಷರಗಳನ್ನು ಅವರು ಬರೆದದ್ದು ಅವತ್ತೇ ಅಂತೆ.

ಹಂಪಯ್ಯ ಮಾಸ್ತರಿಕೆಯ ಮನುಷ್ಯ, ಅವನಿಗೆ ಒಂದು ಕಡೆ ಚುರ್ ಅಂದಿತು. ಹತ್ತಿಯ ಸಂದಿನಿಂದಲೇ, “ಮಕ್ಕಳು ಓದ್ತಾವಲ್ಲೋ ಇದನ್ನ?” ಅಂದ.

“ಯಾವ ಮಗು ಓದ್ತದ ಮಾಸ್ಟರ್? ಮಕ್ಕಳ ಪುಸ್ತಕ ಸಾಹೇಬ್ರು ಬರೀತಾರ, ಸಾಹೇಬ್ರು ನೋಡ್ತಾರ, ಸಾಹೇಬ್ರು ಹಾರ ಹಾಕಿಸ್ಕೋತಾರ. ಮಗು ಎಲ್ಲಿ ಬಂತು ನಡುವ?” ಅಂದ ಕುತುಬುದ್ದೀನ್ ಕುಂಚ ತೊಳೆಯುತ್ತ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಂಪಯ್ಯ ಬಾತ ಗಲ್ಲ ಹಿಡಿದುಕೊಂಡು ಸಾಹೇಬರ ಕೋಣೆ ಹೊಕ್ಕ. ಎಲ್ಲಿಂದಲೋ ಪ್ರತ್ಯಕ್ಷನಾದ ಗಡಿಗೆಪ್ಪ ಬೆನ್ನಿಗಿದ್ದ. ವಿರೂಪಣ್ಣನವರು ಪುಸ್ತಕ ಬಿಡಿಸಿ ನೋಡಿ, ಮೊಮ್ಮಗನನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡರು.

“ಏನು ಅಕ್ಷರ! ಏನು ದುಂಡಗ! ಒಂದು ಪುಟ ಓದ್ರಿ ಮಾಸ್ತರ, ನಮ್ಮ ಕಿವೀಗೂ ಬೀಳಲಿ.”

ಹಂಪಯ್ಯ ಬಾಯಿ ತೆರೆದು ರಕ್ತದ ಹತ್ತಿ ತೋರಿಸಿದ. ಆ ಹಲ್ಲು ಹೋದದ್ದಕ್ಕೆ ಅವನಿಗೆ ಮೊದಲ ಸಲ ಸಂತೋಷವಾಯಿತು.

“ಪಾಪ! ಇರ್ಲಿ, ಇರ್ಲಿ. ಹೆಂಗಿದ್ರೂ ಸರ್ಕಾರಿ ಕೆಲಸದಾಗ ಒಬ್ಬರು ಬರದದ್ದನ್ನ ಇನ್ನೊಬ್ಬರು ತಿದ್ದಬೇಕು. ಅದಕ್ಕ ಮಾನ್ವಿಯಿಂದ ನೀಲಗಂಗಮ್ಮನವರನ್ನ ಕರಸೀನಿ. ನಮ್ಮ ಜಿಲ್ಲಾದಾಗ ಚೀನಿ ಬಲ್ಲವರು ಇಬ್ಬರು ಅದಾರ ಅಂತ ಫೈಲ್ ಹೇಳ್ತದ.”

ಹಂಪಯ್ಯ ಹತ್ತಿಯನ್ನು ಬಲವಾಗಿ ಕಚ್ಚಿ ಹಿಡಿದ. ಮೂಲೆಯ ಕುರ್ಚಿಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಎದ್ದು ಬಂದಳು. ದಪ್ಪ ಕನ್ನಡಕ, ಕಂಕುಳಲ್ಲಿ ಸಾಹೇಬರ ಕನ್ನಡ ಪುಸ್ತಕ, ಕೈಯಲ್ಲಿ ಕೆಂಪು ಪೆನ್ಸಿಲು, ಮೂವತ್ತು ಬ್ಯಾಚು ಹುಡುಗರನ್ನು ನಡುಗಿಸಿದ ಮುಖ. ಪುಸ್ತಕ ತೆಗೆದುಕೊಂಡು ಮೊದಲನೆಯ ಪುಟವನ್ನೇ ಬಹಳ ಹೊತ್ತು ನೋಡಿದಳು. ಹಂಪಯ್ಯ ಮನೆದೇವರಿಗೆಲ್ಲ ಹರಕೆ ಹೊತ್ತ. ಗಡಿಗೆಪ್ಪ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

“ಚೀನೀದಾಗ ಓದಿದ್ರ ತಮಗ ತಿಳಿಯಂಗಿಲ್ಲ, ಅರ್ಥ ಹೇಳ್ತೀನ್ರಿ ಸಾಹೇಬ್ರ,” ಅಂದು ಅಕ್ಷರದ ಮೇಲೆ ಬೆರಳಾಡಿಸುತ್ತ ಶುರು ಮಾಡಿದಳು. “‘ಒಂದೂರಾಗ ಒಂದು ಎಮ್ಮಿಕರ ಇತ್ತು. ಅದಕ್ಕ ನೀರು ಕಂಡ್ರ ಭಾಳ ಅಂಜಿಕಿ.’ ಅಗದೀ ಹೃದಯಕ್ಕ ಮುಟ್ಟೋ ಹಂಗ ಬರದಾರ್ರೀ.”

ಹಂಪಯ್ಯ ಕತ್ತು ಚಾಚಿ ನೋಡಿದ. ಅವಳ ಬೆರಳು ಆಡುತ್ತಿದ್ದದ್ದು ಲಿಯಾಂಗ್ ಸಾಬರ ದವಾಖಾನೆಯ ಬೋರ್ಡಿನ ಮೇಲೆ. ಎರಡನೆಯ ಪುಟದಲ್ಲಿ ಚಹದ ಡಬ್ಬಿಯನ್ನು ಅವಳು ‘ತಾಯಿ ಎಮ್ಮೆ ಕರೆಯಿತು’ ಎಂದು ಓದಿದಳು. ಚಿತ್ರದಲ್ಲಿ ತಾಯಿ ಎಮ್ಮೆ ಇತ್ತು. ಈ ಹೆಂಗಸಿಗೂ ಚೀನಿ ಬರುವುದಿಲ್ಲ! ಹಂಪಯ್ಯನಿಗೆ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡುವಷ್ಟು ಪ್ರೀತಿ ಉಕ್ಕಿತು. ರಾಯಚೂರಿನ ಜಾಗ ಅವನ ಅಂಗೈಯಲ್ಲಿ ಕುಳಿತ ಹಾಗಾಯಿತು. ವಿರೂಪಣ್ಣನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ತಮ್ಮ ಮಾತು ಚೀನಾಕ್ಕೆ ಹೋಗಿ ಒಂದಕ್ಷರ ಮುಕ್ಕಾಗದೆ ವಾಪಸ್ ಬಂದರೆ ಯಾವ ಲೇಖಕನಿಗೆ ಖುಷಿಯಾಗುವುದಿಲ್ಲ?

ಅಷ್ಟರಲ್ಲಿ ನೀಲಗಂಗಮ್ಮನ ಪೆನ್ಸಿಲು ನಿಂತಿತು. ತಪ್ಪೇ ಸಿಗದಿದ್ದರೆ ತಿದ್ದಲು ಬಂದವಳನ್ನು ಯಾರು ನಂಬುತ್ತಾರೆ? ಅದೂ ಅಲ್ಲದೆ ಉಳಿದ ಎಲ್ಲ ಪುಟದಲ್ಲೂ ಒಂದು ಸಾಲು ಅಕ್ಷರ ಇದ್ದರೆ ಆ ಎರಡರಲ್ಲಿ ಮಾತ್ರ ಒಂದೊಂದೇ ಇತ್ತು.

“ಇಲ್ಲಿ ನೋಡ್ರಿ. ನಾಲ್ಕನೇ ಪುಟ. ತಾವು ಎರಡು ಸಾಲು ಬರದೀರಿ, ಇವರು ಒಂದಕ್ಷರ ಗೀಚಿ ಕೈ ತೊಳಕೊಂಡಾರ. ಅದೂ ತಪ್ಪು. ಒಂಬತ್ತನೇ ಪುಟಾನೂ ಹಂಗ.” ಎರಡಕ್ಕೂ ಕೆಂಪು ಸುತ್ತು ಹಾಕಿ, ‘ತಪ್ಪು’ ಎಂದು ಬರೆದು, ಕೆಳಗೆ ತಾರೀಖು ಸಮೇತ ಸಹಿ ಮಾಡಿದಳು. ಇಡೀ ಪುಸ್ತಕದಲ್ಲಿ ಸರಿಯಾಗಿದ್ದದ್ದು ಅವೆರಡೇ ಅಕ್ಷರ.

ವಿರೂಪಣ್ಣನವರು ಕುರ್ಚಿಯಲ್ಲಿ ನೆಟ್ಟಗಾದರು. “ನೋಡ್ರಿ, ಇದು ಪಾಂಡಿತ್ಯ! ಮಾಸ್ತರ ಬುದ್ಧಿವಂತರ ಖರೇ, ಆದರ ಇನ್ನೂ ಪಳಗಬೇಕು. ತಪ್ಪು ಮಾಡಿದವರಿಗೆ ಊರು ಕೊಟ್ಟು, ತಪ್ಪು ಹಿಡಿದವರನ್ನ ಮಾನ್ವಿಗೆ ಕಳಿಸಿದ್ರ ದೇವರು ಮೆಚ್ಚಂಗಿಲ್ಲ.” ಅಲ್ಲೇ ಕಾಗದ ಎಳೆದುಕೊಂಡು ರಾಯಚೂರಿನ ಜಾಗಕ್ಕೆ ನೀಲಗಂಗಮ್ಮನ ಹೆಸರು ಬರೆದರು.

ಹಂಪಯ್ಯ ಹತ್ತಿ ಉಗುಳಿ ಬಾಯಿ ತೆರೆದ. ಸಾಹೇಬ್ರೇ, ಈಕೆಗೆ ಚೀನಿ ಬರುವುದಿಲ್ಲ ಎಂದು ಕೂಗಬೇಕು. ಆದರೆ ನಿನಗೆ ಹೇಗೆ ಗೊತ್ತು ಅಂದರೆ? ಅವಳು ಓದಿದ್ದು ಹಲ್ಲಿನ ಡಾಕ್ಟರರ ಬೋರ್ಡು ಅನ್ನಬೇಕು. ಅದು ಪುಸ್ತಕಕ್ಕೆ ಹೇಗೆ ಬಂತು ಅಂದರೆ? ಗಡಿಗೆಪ್ಪ ಅವನ ಪಾದವನ್ನು ಚಪ್ಪಲಿಯಿಂದ ಒತ್ತಿ ಹಿಡಿದ. ಹಂಪಯ್ಯ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ.

“ಮಾರಿ ಸಣ್ಣದು ಮಾಡಬ್ಯಾಡ್ರಿ ಮಾಸ್ತರ,” ಅಂದರು ಸಾಹೇಬರು ಅಂತಃಕರಣದಿಂದ. ಬೀರು ತೆರೆದು ಒಂದು ದೊಡ್ಡ ಗಂಟು ತಂದು ಅವನ ಕೈಗೆ ಹಾಕಿದರು. “ನಾ ಬರದ ಪುಸ್ತಕ ಇನ್ನೂ ಹನ್ನೊಂದು ಅದಾವ. ಜಾಲಹಳ್ಳಿಯಂಥಾ ಶಾಂತ ಜಾಗಾದಾಗ ಕುಂತು ಬರೀರಿ. ಪ್ರತಿ ಭಾನುವಾರ ಇಲ್ಲಿ ಕಚೇರಿಗೆ ಬಂದು ಮೇಡಂ ಮುಂದ ತಿದ್ದಿಸಿಕೊಳ್ಳ್ರಿ, ಮುಂಜಾನಿ ಹತ್ತರಿಂದ ಸಂಜಿ ಐದರ ತನಕ. ನಾನೂ ಬರ್ತೀನಿ. ಶುಭಸ್ಯ ಶೀಘ್ರಂ, ನಾಳಿಯಿಂದನ ಆಗಲಿ.”

ಭಾನುವಾರ ಎಂಬ ಮಾತು ಹಂಪಯ್ಯನ ಎದೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ, ಅವತ್ತು ಕಿತ್ತ ಹಲ್ಲಿನ ನೋವು ಒಂದು ನೋವೇ ಅಲ್ಲ ಅನ್ನಿಸಿತು.

ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ನಿಂತಿದ್ದಾಗ ನೀಲಗಂಗಮ್ಮ ಸುತ್ತಮುತ್ತ ನೋಡಿ ಹತ್ತಿರ ಬಂದಳು. ಒಳಗಿದ್ದ ಗತ್ತು ಇರಲಿಲ್ಲ. ಕೈ ಜೋಡಿಸಿದಳು.

“ಸರ, ಸಿಟ್ಟಾಗ್ಬ್ಯಾಡ್ರಿ. ನೀವು ಚೀನಿ ಅರದು ಕುಡಿದವರು, ನನ್ನ ಗುಟ್ಟು ನಿಮಗ ಆಗಲೇ ತಿಳಿದಿರಬೇಕು. ನನಗ ಒಂದಕ್ಷರನೂ ಬರಂಗಿಲ್ಲ. ನಾಳಿ ಸಾಹೇಬ್ರು ಬರೋದಕ್ಕಿಂತ ಒಂದು ತಾಸು ಮೊದಲ ಬಂದು ನಾಕು ಅಕ್ಷರ ಆದರೂ ಕಲಿಸ್ರಿ.”

ಹಂಪಯ್ಯ ಗಂಟನ್ನು ಕೆಳಗಿಟ್ಟ. “ಮೇಡಂ, ನನಗ ಬರೋದು ಎರಡ ಅಕ್ಷರ. ಅವೆರಡೂ ತಪ್ಪಂತ ನೀವು ಸಹಿ ಮಾಡೀರಿ.”

ನೀಲಗಂಗಮ್ಮ ಜೋಡಿಸಿದ ಕೈ ಇಳಿಸಿದಳು. ಆಮೇಲೆ ಮೂವತ್ತು ಬ್ಯಾಚು ಹುಡುಗರನ್ನು ನಡುಗಿಸಿದ ಮುಖ ಮತ್ತೆ ಜಾಗಕ್ಕೆ ಬಂತು.

“ಹಂಗಾದ್ರ ಮುಂದಿನ ಪುಸ್ತಕದಾಗ ಅವನ್ನ ಬರೀಬ್ಯಾಡ್ರಿ ಸರ,” ಅಂದಳು. “ಒಮ್ಮೆ ತಿದ್ದಿದ ಮ್ಯಾಲೆ ಮತ್ತ ಅದ ತಪ್ಪು ಮಾಡಿದ್ರ ಚೊಲೊ ಕಾಣಂಗಿಲ್ಲ.”

ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಹಂಪಯ್ಯ ಬೀದಿಗೆ ಇಳಿದ. ಶರಣಮ್ಮನ ಪಾಳಿ ಮುಗಿಯುವ ಹೊತ್ತಾಗಿತ್ತು. ನಾಳೆ ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ ಎಂದು ಅವಳು ಕೇಳಿದರೆ ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಹುಡುಕಿದ. ಬರುವ ಐದು ಭಾಷೆಗಳಲ್ಲೂ ಒಂದು ಮಾತು ಸಿಗಲಿಲ್ಲ.